ಫ್ರೆಂಚ್ ವರ್ತಮಾನಕಾಲಕ್ಕೆ ಕನ್ನಡದ ಬಾಗಿಲು

ಯುವ ಓದುಗರೇ, ಶಾಲೆಯಲ್ಲೋ ಕಾಲೇಜಿನಲ್ಲೋ ಫ್ರೆಂಚ್ ಆರಿಸಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ‘ಅಂಕ ಚೆನ್ನಾಗಿ ಬರುತ್ತದೆ’ ಎಂಬುದು ನಿಮ್ಮ ಕಾರಣ. ‘ಮನೆಮಾತೇ ನೆಟ್ಟಗೆ ಬಾರದವರಿಗೆ ಫ್ರೆಂಚ್ ಏಕೆ?’ ಎಂಬುದು ಅಜ್ಜಿಯ ಗೊಣಗಾಟ. ಆ ಜಗಳಕ್ಕೆ ತೀರ್ಪು ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಫ್ರೆಂಚಿನ ವರ್ತಮಾನಕಾಲವನ್ನು ಕಲಿಯುವಾಗ ಅಜ್ಜಿಯ ಕನ್ನಡವೇ ನಿಮ್ಮ ಕೈ ಹಿಡಿಯುತ್ತದೆ ಎಂದರೆ ನಂಬುವಿರಾ?

ನಾನು ಇಂಗ್ಲಿಷಿನಲ್ಲಿ ಬಿ.ಎ. ಓದಿದವಳು, ಆ ಭಾಷೆಯ ಮೇಲೆ ನನಗೆ ಮುನಿಸಿಲ್ಲ. ಆದರೆ ಅಲ್ಲಿ ‘ಸ್ಪೀಕ್’ಗೆ ಒಂದು ‘ಎಸ್’ ಅಂಟಿಸಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತೇವೆ, ಮಾತಾಡುತ್ತೀರಿ, ಮಾತಾಡುತ್ತಾರೆ ಎಂದು ಆಳಿಗೆ ತಕ್ಕಂತೆ ಕ್ರಿಯಾಪದದ ಬಾಲ ಬದಲಾಗುತ್ತದೆ. ಫ್ರೆಂಚೂ ಇದೇ ಜಾತಿಯದು.

ಫ್ರೆಂಚಿನಲ್ಲಿ ‘ಪಾರ್ಲೇ’ ಎಂದರೆ ಮಾತಾಡುವುದು. (ವಿಲೇಪಾರ್ಲೆ ಸ್ಟೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ!) ಅದರ ರೂಪಗಳು ಹೀಗೆ:

ಜ ಪಾರ್ಲ್ – ನಾನು ಮಾತಾಡುತ್ತೇನೆ
ತ್ಯು ಪಾರ್ಲ್ – ನೀನು ಮಾತಾಡುತ್ತೀಯ
ಇಲ್ / ಎಲ್ ಪಾರ್ಲ್ – ಅವನು / ಅವಳು
ನೂ ಪಾರ್ಲೋಂ – ನಾವು ಮಾತಾಡುತ್ತೇವೆ
ವೂ ಪಾರ್ಲೇ – ನೀವು ಮಾತಾಡುತ್ತೀರಿ
ಇಲ್ / ಎಲ್ ಪಾರ್ಲ್ – ಅವರು

‘ಪಾರ್ಲ್’ ಎಂದು ಕೇಳಿಸುವ ರೂಪಗಳನ್ನು ಬರೆಯುವಾಗ ಕೊನೆಯ ಅಕ್ಷರಗಳು ಬೇರೆಯಾಗುತ್ತವೆ; ಉಚ್ಚಾರದಲ್ಲಿ ಅವು ನುಂಗಿಹೋಗುತ್ತವೆ. ಆದ್ದರಿಂದ ನಾವು ಬರೀ ‘ಬರುತ್ತೇನೆ’ ಎಂದು ‘ನಾನು’ ಬಿಡುವ ಹಾಗೆ ಫ್ರೆಂಚಿನಲ್ಲಿ ‘ಜ’ ಬಿಡುವಂತಿಲ್ಲ. ಈ ಮಾದರಿಯನ್ನು ಗಟ್ಟಿ ಮಾಡಿಕೊಳ್ಳಿ. ಫ್ರೆಂಚಿನ ಹತ್ತು ಕ್ರಿಯಾಪದಗಳಲ್ಲಿ ಸುಮಾರು ಒಂಬತ್ತು ಇದೇ ಗುಂಪಿನವು. ಇರು, ಹೋಗು, ಮಾಡು ಮುಂತಾದ ದಿನಬಳಕೆಯ ಪದಗಳು ಮಾತ್ರ ಹಟಮಾರಿಗಳು. ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಲೇಬೇಕು.

‘ತ್ಯು’ ಮತ್ತು ‘ವೂ’ ನಮ್ಮ ‘ನೀನು’, ‘ನೀವು’ ಇದ್ದಂತೆ. ಗೆಳೆಯನಿಗೆ ತ್ಯು, ಗೆಳೆಯನ ತಾಯಿಗೆ ವೂ. ಆದರೆ ಒಂದು ಎಚ್ಚರಿಕೆ: ನಾವು ‘ಅಜ್ಜಿ ಮಾತಾಡುತ್ತಾರೆ’ ಎಂದು ಬಹುವಚನ ಹಚ್ಚುತ್ತೇವೆ, ಫ್ರೆಂಚರಿಗೆ ಅಜ್ಜಿಯೂ ಏಕವಚನದ ‘ಎಲ್’. ಹಾಗೆಯೇ ನಮ್ಮ ‘ನಾನು ವಿದ್ಯಾರ್ಥಿ’ಗೆ ಕ್ರಿಯಾಪದ ಬೇಡ, ಅಲ್ಲಿ ‘ಜ ಸ್ವೀ’ ಎಂದು ‘ಇರು’ವಿನ ರೂಪ ಸೇರಲೇಬೇಕು.

ಇಂಗ್ಲಿಷಿನ ‘ಐ ಸ್ಪೀಕ್’, ‘ಐ ಆ್ಯಮ್ ಸ್ಪೀಕಿಂಗ್’ ಎರಡಕ್ಕೂ ‘ಜ ಪಾರ್ಲ್’ ಸಾಕು. ‘ಹತ್ತು ವರ್ಷದಿಂದ ಮುಂಬಯಿಯಲ್ಲಿದ್ದೇನೆ’ ಎನ್ನಲು ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಎಂದು ಸುತ್ತು ಹಾಕಬೇಕು. ಫ್ರೆಂಚಿನಲ್ಲಿ ಕನ್ನಡದಂತೆ ವರ್ತಮಾನಕಾಲವೇ ನಡೆಯುತ್ತದೆ: ‘ಜಾಬಿತ್ ಆ ಮುಂಬೈ ದಪ್ವೀ ದಿಜಾಂ’. ‘ದಪ್ವೀ’ ನಮ್ಮ ‘ಇಂದ’ದ ಕೆಲಸ ಮಾಡುತ್ತದೆ. ಇಂಗ್ಲಿಷಿನ ಮೂಲಕ ಅನುವಾದಿಸುವವರು ಇಲ್ಲೇ ಎಡವುವುದು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಎಳೆಯಿರಿ: ಒಂದರಲ್ಲಿ ಫ್ರೆಂಚ್, ಪಕ್ಕದಲ್ಲಿ ಕನ್ನಡ. ಕನ್ನಡದ ಸಾಲು ತಡವರಿಸಿದರೆ ಅಜ್ಜಿಯನ್ನು ಕೇಳಿ. ಗೊಣಗಾಟ ಮರೆತು ಹೇಳಿಕೊಡುತ್ತಾರೆ. ಫ್ರೆಂಚಿನ ಸಾಲಿಗೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಕನ್ನಡದ ಸಾಲು, ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ‘ಯಾವಾಗ ಬರ್ತೀಯ?’ ಎನ್ನದೆ ‘ಯಾವಾಗ ಬರ್ತೀರಿ?’ ಎಂದು ಅಳುಕಿಲ್ಲದೆ ಕೇಳಲು ಬರುತ್ತದೆ.