ಹೃದಯದ ಲಯವೂ ದೇಹದ ದುಡಿಮೆಯೂ

2021ನೆಯ ಇಸವಿಯ ಅಕ್ಟೋಬರ್ 29ರಂದು ಕನ್ನಡದ ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನ ಹೊಂದಿದರು. ಅಂದು ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ನಾಡಿನಲ್ಲೆಲ್ಲ ಹರಡಿತು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯನಗರದಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಬರುವವರ ಸಂಖ್ಯೆ ಬಹಳವಾಗಿ ಏರಿತು. 2025ರ ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಹೀಗೆಯೇ ಆಯಿತು. ಈ ಭಯದ ನಡುವೆ ವ್ಯಾಯಾಮವನ್ನೇ ಬಿಟ್ಟುಬಿಡುವುದು ಲೇಸೆಂದು ಬಗೆದವರೂ ಉಂಟು. ವ್ಯಾಯಾಮವು ಹೃದಯಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ಹೃದಯದ ಲಯವೆಂದರೇನೆಂಬುದನ್ನು ತಿಳಿಯಬೇಕು. ನಿಮಿಷಕ್ಕೆ 72 ಸಲ ಮಿಡಿಯುವ ಹೃದಯವು ದಿನವೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಮಿಡಿಯುತ್ತದೆ. ಈ ಮಿಡಿತದ ಅಪ್ಪಣೆ ಮೆದುಳಿನಿಂದ ಬರುವುದಲ್ಲ. ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಜೀವಕೋಶಗುಚ್ಛದಲ್ಲಿಯೇ ಅದು ಹುಟ್ಟುತ್ತದೆ. ಕೀತ್ ಮತ್ತು ಫ್ಲ್ಯಾಕ್ ಎಂಬ ವಿದ್ವಾಂಸರು 1907ರಲ್ಲಿ ಇದನ್ನು ಗುರುತಿಸಿದರು. ಇಲ್ಲಿ ಹುಟ್ಟಿದ ವಿದ್ಯುತ್ ಸ್ಪಂದನವು ಹೃತ್ಕರ್ಣಗಳಲ್ಲಿ ಹರಡಿ, ಮಧ್ಯದ ಗಂಟಿನಲ್ಲಿ ಕ್ಷಣಮಾತ್ರ ತಡೆದು, ಬಳಿಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ತಡೆಯೇ ಕೆಳಗಣ ಕೋಣೆಗಳು ರಕ್ತ ತುಂಬಿಕೊಳ್ಳಲು ದೊರೆಯುವ ಬಿಡುವು. ಮೆದುಳಿನಿಂದ ಬರುವ ನರಗಳು ಈ ಲಯವನ್ನು ಚುರುಕುಗೊಳಿಸಬಲ್ಲವು, ನಿಧಾನಗೊಳಿಸಲೂಬಲ್ಲವು. ಅದನ್ನು ಹುಟ್ಟಿಸುವುದು ಮಾತ್ರ ಹೃದಯವೇ.

ಜನಸಾಮಾನ್ಯರು 'ಹೃದಯಾಘಾತ' ಎಂಬ ಒಂದೇ ಮಾತಿನಿಂದ ಎರಡು ಬೇರೆ ಬೇರೆ ವಿಪತ್ತುಗಳನ್ನು ಹೇಳುತ್ತಾರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಳ್ಳುವುದು ಒಂದು. ಲಯವೇ ಕೆಟ್ಟು, ಹೃತ್ಕುಕ್ಷಿಗಳು ಮಿಡಿಯದೆ ಬರಿದೆ ಕಂಪಿಸತೊಡಗುವುದು ಇನ್ನೊಂದು. ಮೊದಲನೆಯದರಲ್ಲಿ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಎದೆ ನೋಯುತ್ತದೆ. ಆಸ್ಪತ್ರೆಗೆ ಹೋಗಲು ಕಾಲಾವಕಾಶವಿರುತ್ತದೆ. ಎರಡನೆಯದರಲ್ಲಿ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದೂ ಉಂಟು. ಹಠಾತ್ ಸಾವುಗಳಲ್ಲಿ ಅನೇಕವು ಹೀಗೆಯೇ ಸಂಭವಿಸುತ್ತವೆ.

ಇನ್ನು ದುಡಿಮೆಯ ವಿಚಾರ. ದಕ್ಷಿಣ ಬೆಂಗಳೂರಿನ ಶ್ರೀನಗರದ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತವರಿಗೆ ಒಂದೇ ಬಸ್ಸಿನಲ್ಲಿ ಎರಡು ಬಗೆಯ ಜೀವನವು ಕಾಣುತ್ತದೆ. ಡ್ರೈವರು ಪಾಳಿಯ ಬಹುಭಾಗ ಕುಳಿತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡುತ್ತ ಹಿಂದೆ ಮುಂದೆ ಓಡಾಡುತ್ತಿರುತ್ತಾನೆ. ಈ ವ್ಯತ್ಯಾಸವನ್ನೇ ಹಿಡಿದು ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ ನಗರದ ಸಾರಿಗೆ ನೌಕರರನ್ನು ಪರಿಶೀಲಿಸಿ, 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗವು ಡ್ರೈವರುಗಳಿಗಿಂತ ಕಡಿಮೆಯಾಗಿತ್ತು. ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಆದರೆ ಮಾರಿಸರು ಅಷ್ಟಕ್ಕೇ ನಿಲ್ಲಲಿಲ್ಲ. ಸಮವಸ್ತ್ರಗಳ ಅಳತೆಗಳನ್ನು ಪರೀಕ್ಷಿಸಿ, ಡ್ರೈವರುಗಳ ಸೊಂಟದ ಸುತ್ತಳತೆಯೇ ಹೆಚ್ಚಾಗಿತ್ತೆಂಬುದನ್ನೂ 1956ರಲ್ಲಿ ತಾವೇ ತೋರಿಸಿದರು. ಕೆಲಸದ ಜೊತೆಗೆ ದೇಹಪ್ರಕೃತಿಯೂ ಕಾರಣವಾಗಿರಬಹುದೆಂಬ ಈ ಸಂದೇಹವು ಶಾಸ್ತ್ರೀಯ ವಿಮರ್ಶೆಗೆ ಒಳ್ಳೆಯ ಮಾದರಿ. ಅಂದಿನಿಂದ ನಡೆದ ಹಲವಾರು ಅಧ್ಯಯನಗಳು ಚಲನೆಯು ಹೃದಯಕ್ಕೆ ರಕ್ಷೆಯೆಂಬ ಮೂಲ ನಿರ್ಣಯವನ್ನೇ ಎತ್ತಿ ಹಿಡಿದಿವೆ.

ಹಾಗಾದರೆ ವ್ಯಾಯಾಮದ ಹೊತ್ತಿನಲ್ಲಿ ಸಂಭವಿಸುವ ಸಾವಿಗೆ ಏನು ಸಮಾಧಾನ? ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಉತ್ತರ ಕೊಡುತ್ತದೆ. ಶ್ರಮದ ವ್ಯಾಯಾಮ ನಡೆದಿರುವಷ್ಟು ಹೊತ್ತು ಅಪಾಯವು ಏರುವುದು ನಿಜ. ಅಭ್ಯಾಸವಿಲ್ಲದವರಲ್ಲಿ ಈ ಏರಿಕೆ ಬಹಳ. ನಿತ್ಯ ಅಭ್ಯಾಸವುಳ್ಳವರಲ್ಲಿ ಅದಕ್ಕಿಂತ ಬಹಳ ಕಡಿಮೆ. ದಿನದ ಎಲ್ಲ ಹೊತ್ತನ್ನೂ ಕೂಡಿಸಿ ನೋಡಿದರೆ, ಅಭ್ಯಾಸವುಳ್ಳವರ ಅಪಾಯವು ಕುಳಿತೇ ಇರುವವರ ಅಪಾಯದ ಅರ್ಧಕ್ಕಿಂತಲೂ ಕಡಿಮೆ. ಅಪಾಯವಿರುವುದು ಹೆಚ್ಚಾಗಿ ಅಭ್ಯಾಸವಿಲ್ಲದ ದೇಹವನ್ನು ಥಟ್ಟನೆ ದುಡಿಸುವುದರಲ್ಲಿ, ಮತ್ತು ಒಳಗೆ ಅಡಗಿರುವ ರೋಗವನ್ನು ಕಡೆಗಣಿಸುವುದರಲ್ಲಿ.

ನಿತ್ಯವ್ಯಾಯಾಮದಿಂದ ಲಯಕ್ಕಾಗುವ ಉಪಕಾರವು ನಾಡಿಯಲ್ಲಿಯೇ ಗೋಚರಿಸುತ್ತದೆ. ಪಳಗಿದ ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವುದರಿಂದ, ವಿಶ್ರಾಂತಿಯಲ್ಲಿ ಅದರ ಗತಿ ನಿಧಾನವಾಗುತ್ತದೆ. ಆದರೆ ಅತಿಯಾದುದು ಇಲ್ಲಿಯೂ ಸಲ್ಲದು. ಬಹುಕಾಲ ದೀರ್ಘ ಸ್ಪರ್ಧೆಗಳಲ್ಲಿ ತೊಡಗಿದವರಲ್ಲಿ ಹೃತ್ಕರ್ಣ ಕಂಪನವೆಂಬ ಲಯದೋಷವು ಹೆಚ್ಚಾಗಿ ಕಂಡುಬಂದಿದೆ. ಈ ದೋಷದಲ್ಲಿ ನಾಡಿಯು ಯಾವ ಕ್ರಮಕ್ಕೂ ಸಿಕ್ಕದು; ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಸಾಗಿ ಪಾರ್ಶ್ವವಾಯು ಉಂಟಾಗಬಹುದು. ರಕ್ತದೊತ್ತಡ, ಸ್ಥೂಲಕಾಯ, ಮದ್ಯಪಾನಗಳೂ ಇದಕ್ಕೆ ಪೋಷಕಗಳು.

ಆದುದರಿಂದ ಬೇಕಾದುದು ಮಿತವಾದ, ತಪ್ಪದ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ವಿಧಿಸಿದೆ. ಶ್ರೀನಗರದವರಿಗೆ ನೆರೆಯ ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲುಗಳೇ ಲಂಡನ್ ಬಸ್ಸಿನ ಮೆಟ್ಟಿಲುಗಳ ಕೆಲಸ ಮಾಡಿಕೊಡಬಲ್ಲವು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು, ಹೊಗೆಬತ್ತಿಯ ಚಟವುಳ್ಳವರು, ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವನ್ನು ಕಂಡವರು ಕಠಿಣ ಶ್ರಮಕ್ಕೆ ತೊಡಗುವ ಮುನ್ನ ವೈದ್ಯರನ್ನು ಕಾಣಬೇಕು. ವ್ಯಾಯಾಮದ ನಡುವೆ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ ಒಡನೆಯೇ ನಿಲ್ಲಿಸಬೇಕು. ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬಹುದು.

ಕೊನೆಯದಾಗಿ ಒಂದು ಮಾತು. 2024ರ ನವೆಂಬರ್ ತಿಂಗಳಲ್ಲಿ ನೆಲಮಂಗಲದಿಂದ ದಾಸನಪುರದ ಕಡೆಗೆ ಹೊರಟಿದ್ದ ನಗರ ಸಾರಿಗೆ ಬಸ್ಸೊಂದರ ಡ್ರೈವರು ಹೃದಯಾಘಾತದಿಂದ ಆಸನದಲ್ಲಿಯೇ ಕುಸಿದರು. ಕಂಡಕ್ಟರು ಧಾವಿಸಿ ಬಸ್ಸನ್ನು ನಿಲ್ಲಿಸಿದುದರಿಂದ ಪ್ರಯಾಣಿಕರು ಉಳಿದರು, ಡ್ರೈವರು ಉಳಿಯಲಿಲ್ಲ. ಇಂಥ ಗಳಿಗೆಯಲ್ಲಿ ಪಕ್ಕದಲ್ಲಿರುವವನೇ ಮೊದಲ ವೈದ್ಯ. ಎಚ್ಚರವೂ ಸಹಜ ಉಸಿರಾಟವೂ ಇಲ್ಲದವನ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲದಂತೆ, ಐದರಿಂದ ಆರು ಸೆಂಟಿಮೀಟರು ಇಳಿಯುವಷ್ಟು ಬಲವಾಗಿ ಒತ್ತುತ್ತಿದ್ದರೆ, ನೆರವು ಬರುವ ತನಕ ಮೆದುಳಿಗೆ ರಕ್ತ ಸಲ್ಲುತ್ತಿರುತ್ತದೆ. ಈ ವಿದ್ಯೆಯನ್ನು ಕಲಿಸಲು ಒಂದು ಅಪರಾಹ್ನ ಸಾಕು. ನಮ್ಮ ಕಾಲೇಜುಗಳು ವರ್ಷಕ್ಕೊಮ್ಮೆ ಆ ಅಪರಾಹ್ನವನ್ನು ಇದಕ್ಕಾಗಿ ಮೀಸಲಿಡಬೇಕೆಂದು ನಾವು ಅಧ್ಯಾಪಕವರ್ಗದಲ್ಲಿ ಬಿನ್ನವಿಸುತ್ತೇವೆ.