ಒಂದೇ ಮಳೆಯನ್ನು ನಂಬಿದ ಕಾಲ್ಚೆಂಡು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತನು ಶೇಂಗಾ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕುತ್ತಾನೆ. ಶೇಂಗಾ ಕೈಕೊಟ್ಟರೂ ತೊಗರಿ ಒಂದಿಷ್ಟು ಉಳಿದೀತೆಂಬುದು ಅವನ ಲೆಕ್ಕ. ಕಾಲ್ಚೆಂಡಿನ ಕ್ಲಬ್ಬುಗಳನ್ನು ನಾವು ಈ ಲೆಕ್ಕದಿಂದಲೇ ಅಳೆಯಬೇಕಾಗಿದೆ.

2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಸೋತು ಸೊರಗಿದ ತಂಡವಲ್ಲ ಅದು. ಅದೇ ಏಪ್ರಿಲ್‌ನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ ಆಡಿತ್ತು. ಆದರೆ ಲೀಗಿನ ವಾಣಿಜ್ಯ ಹಕ್ಕುಗಳ ಬಗ್ಗೆ 2010ರಲ್ಲಾದ 15 ವರ್ಷಗಳ ಒಪ್ಪಂದ ಮುಗಿಯುವ ಹೊತ್ತಾದರೂ ನವೀಕರಣವಾಗದೆ, ಮುಂದಿನ ಋತುವೇ ಸ್ಥಗಿತಗೊಂಡಿತು. ಟಿಕೆಟ್, ಪ್ರಸಾರದ ಪಾಲು, ಅಂಗಿಯ ಮೇಲಿನ ಜಾಹೀರಾತು: ಹೆಸರಿಗೆ ಮೂರು ಆದಾಯ, ಪಂದ್ಯ ನಿಂತರೆ ಮೂರೂ ಒಟ್ಟಿಗೇ ಬತ್ತುತ್ತವೆ. ತರ್ಕಶಾಸ್ತ್ರದ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದೆ ಎಚ್‌ಎಎಲ್, ಐಟಿಐ ತಂಡಗಳ ಆಟಗಾರರು ಕಾರ್ಖಾನೆಯ ನೌಕರರಾಗಿದ್ದರು, ಪಂದ್ಯವಿಲ್ಲದಿದ್ದರೂ ಸಂಬಳವಿತ್ತು. ಆ ಆಸರೆಯೂ ಶಾಶ್ವತವಲ್ಲ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ, ಗಿರಣಿಯ ತಂಡ, 2011ರಲ್ಲಿ ಮುಚ್ಚಿತು.

ಬೆಂಗಳೂರಿನ ಆ ನಿರ್ಧಾರದಿಂದ ಯುವ ತಂಡಗಳೂ ಸಾಕರ್ ಶಾಲೆಗಳೂ ಹೊರಗುಳಿದವು. ಶಾಲೆಗೆ ಪೋಷಕರು ಶುಲ್ಕ ಕಟ್ಟುತ್ತಾರೆ. ಒಪ್ಪಂದವಿರಲಿ, ಇಲ್ಲದಿರಲಿ, ಮಕ್ಕಳು ಮೈದಾನಕ್ಕೆ ಬರುತ್ತಾರೆ.