ಗ್ಯಾರೇಜಿನಲ್ಲಿ ಕಟ್ಟಿದ ವಿಮಾನ ಸ್ಪಿನ್‌ಗೆ ಬಿದ್ದರೆ?

ವಿಮಾನ ಗಿರಗಿರ ತಿರುಗುತ್ತಾ ಬೀಳ್ತಿದೆ, ಮೂಗು ನೆಲದ ಕಡೆ. ಕೈ ತಾನಾಗೇ ಸ್ಟಿಕ್ ಹಿಂದಕ್ಕೆ ಎಳೆಯುತ್ತೆ. ಅಲ್ಲೇ ಎಡವಟ್ಟು!

ಸಾಮಾನ್ಯ ಕ್ರಮ ಬೇರೆ: ಥ್ರಾಟಲ್ ಪೂರ್ತಿ ಇಳಿಸಿ, ಏಲೆರಾನ್ ನೇರ, ತಿರುಗುವ ದಿಕ್ಕಿಗೆ ವಿರುದ್ಧ ರಡರ್, ಆಮೇಲೆ ಸ್ಟಿಕ್ ಮುಂದಕ್ಕೆ. 1912ರಲ್ಲಿ ಇಂಗ್ಲೆಂಡಿನ ಪೈಲಟ್ ವಿಲ್ಫ್ರೆಡ್ ಪಾರ್ಕ್ ವಿರುದ್ಧ ರಡರ್ ಒತ್ತಿಯೇ ಬಚಾವಾದದ್ದು, ಅದೂ ನೆಲಕ್ಕೆ ಇನ್ನು ಸುಮಾರು 50 ಅಡಿ ಇದ್ದಾಗ!

ಆದರೆ ನೀವೇ ಕಟ್ಟಿದ ವಿಮಾನದಲ್ಲಿ ಈ ಕ್ರಮ ಕೆಲಸ ಮಾಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕಿಟ್ ಕಂಪನಿ ಪರೀಕ್ಷೆ ಮಾಡಿದ್ದು ತನ್ನ ವಿಮಾನವನ್ನು, ನಿಮ್ಮದನ್ನಲ್ಲ. ಬ್ಯಾಟರಿ ಹಿಂದಕ್ಕೆ ಸರಿಸಿದ್ರಾ? ಸೀಟಿನ ಹಿಂದೆ ಲಗೇಜ್ ತುಂಬಿದ್ರಾ? ತೂಕ ಬಾಲದ ಕಡೆ ಜಾರಿದರೆ ಸ್ಪಿನ್ ಚಪ್ಪಟೆಯಾಗಬಹುದು; ಆಗ ರಡರ್ ಮಾತೇ ಕೇಳದೆ ಹೋಗಬಹುದು. ಇನ್ನು ಇಳಿಯೋಕೆ ರನ್‌ವೇ ಕಡೆ ತಿರುಗುವಾಗ ಸ್ಪಿನ್ ಆದರೆ, ಬಿಡಿಸಿಕೊಳ್ಳುವಷ್ಟು ಎತ್ತರವೇ ಸಾಮಾನ್ಯವಾಗಿ ಇರಲ್ಲ.